ಅರಿವಳಿಕೆ ನರ್ಸ್ ಆಗಬಯಸುವ ನಮ್ಮ ಮಕ್ಕಳಿಗೆ ನಿಜವಾದ ದಾರಿ ತಿಳಿಯಲಿ

ಮಾನ್ಯ ಸಂಪಾದಕರಿಗೆ,

ಕಳೆದ ತಿಂಗಳು ಕುಶಾಲನಗರದಿಂದ ಮಡಿಕೇರಿಗೆ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಅಂಟಿಸಿದ್ದ ಕರಪತ್ರವೊಂದನ್ನು ಓದಿದೆ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಇಲ್ಲಿಯ ಯಾವುದಾದರೂ ಐಸಿಯುನಲ್ಲಿ ಒಂದು ವರ್ಷ ಕೆಲಸ ಮಾಡಿದವರಿಗೆ ಅಮೆರಿಕದ ಅರಿವಳಿಕೆ ನರ್ಸ್ ಪದವಿಗೆ ನೇರ ಪ್ರವೇಶ ಕೊಡಿಸಲಾಗುವುದು, ವೀಸಾದ ಹೊಣೆಯೂ ತಮ್ಮದೇ, ಕೆಲವೇ ಸೀಟುಗಳು ಉಳಿದಿವೆ ಎಂದು ಅದರಲ್ಲಿ ಅಚ್ಚಾಗಿತ್ತು. ಅದರ ಮೊದಲ ಮಾತೇ ಸುಳ್ಳು. ಆ ಸುಳ್ಳಿನಿಂದ ನೊಂದ ಒಂದು ಮನೆಯನ್ನು ನಾನು ಹತ್ತಿರದಿಂದ ಬಲ್ಲೆ. ಆದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೂ ದಯವಿಟ್ಟು ಪ್ರಕಟಿಸಬೇಕಾಗಿ ವಿನಂತಿ.

ನಾನು ಮೂವತ್ತೊಂದು ವರ್ಷ ಶುಶ್ರೂಷಾ ಸೇವೆಯಲ್ಲಿದ್ದು ನಿವೃತ್ತಳಾದವಳು. ಕೊನೆಯ ಹದಿನಾಲ್ಕು ವರ್ಷ ತೀವ್ರ ನಿಗಾ ಘಟಕದ ಉಸ್ತುವಾರಿ ನನ್ನದಾಗಿತ್ತು. ನನ್ನ ಕೈಕೆಳಗೆ ಕಲಿತ ಹುಡುಗಿಯರಲ್ಲಿ ಅನೇಕರು ಇಂದು ಸೌದಿ, ಕುವೈತ್, ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿದ್ದಾರೆ. ಕಾಫಿ ತೋಟದ ಲೈನ್ ಮನೆಯಲ್ಲಿ ಬೆಳೆದು, ಇಂದು ತಮ್ಮಂದಿರನ್ನು ಎಂಜಿನಿಯರಿಂಗ್ ಓದಿಸುತ್ತಿರುವವರೂ ಅವರಲ್ಲಿದ್ದಾರೆ. ಮಕ್ಕಳು ಹೊರಗೆ ಹೋಗಬಾರದೆಂದು ವಾದಿಸುವವಳು ನಾನಲ್ಲ. ಹೋಗುವವರು ಕಣ್ಣು ತೆರೆದುಕೊಂಡು ಹೋಗಬೇಕೆಂಬುದಷ್ಟೇ ನನ್ನ ಆಸೆ.

ಮೊದಲಿಗೆ ಈ ವ್ಯಾಸಂಗ ಏನೆಂಬುದನ್ನು ಹೇಳುತ್ತೇನೆ. ನಮ್ಮಲ್ಲಿ ಅರಿವಳಿಕೆ ಕೊಡುವವರು ವೈದ್ಯರು. ಅಮೆರಿಕದಲ್ಲಿ ಅರಿವಳಿಕೆ ತಜ್ಞ ವೈದ್ಯರ ಜೊತೆಗೆ, ಅದಕ್ಕೆಂದೇ ತರಬೇತಿ ಪಡೆದು ಪ್ರಮಾಣಿತರಾದ ನರ್ಸ್‌ಗಳೂ ಅರಿವಳಿಕೆ ಕೊಡುತ್ತಾರೆ. ಇದು ಇತ್ತೀಚಿನ ಏರ್ಪಾಡಲ್ಲ. ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಬರ್ನಾರ್ಡ್ ಎಂಬ ಸನ್ಯಾಸಿನಿ ಈ ಕೆಲಸ ಆರಂಭಿಸಿದ್ದು 1877ರಲ್ಲಿ. ಅಲ್ಲಿಯ ಹೆಸರಾಂತ ಶಸ್ತ್ರಚಿಕಿತ್ಸಕರಾದ ಮೇಯೋ ಸೋದರರ ಶಸ್ತ್ರಚಿಕಿತ್ಸೆಗಳಿಗೆ ಅರಿವಳಿಕೆ ಕೊಡುತ್ತಿದ್ದ ಆಲಿಸ್ ಮಗಾ ಎಂಬ ನರ್ಸ್ ಹದಿನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರವನ್ನು 1906ರಲ್ಲಿ ಪ್ರಕಟಿಸಿದರು. ಅರಿವಳಿಕೆಯ ಕಾರಣದಿಂದ ಅವರಲ್ಲಿ ಒಬ್ಬರೂ ಸತ್ತಿರಲಿಲ್ಲ. ಮಾನಿಟರ್ ಎಂಬುದೇ ಇಲ್ಲದ ಆ ಕಾಲದಲ್ಲಿ ಮುಖಕ್ಕೆ ಹಿಡಿದ ಬಟ್ಟೆಯ ಮೇಲೆ ಈಥರನ್ನು ಹನಿಹನಿಯಾಗಿ ಬಿಡುತ್ತಾ, ರೋಗಿಯ ಉಸಿರು, ನಾಡಿ, ಮುಖದ ಬಣ್ಣವನ್ನಷ್ಟೇ ನೋಡಿ ಆಕೆ ಇದನ್ನು ಸಾಧಿಸಿದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಂದು ಆ ವ್ಯಾಸಂಗ ಡಾಕ್ಟರೇಟ್ ಮಟ್ಟದ್ದು. 2022ರಿಂದ ಈಚೆಗೆ ಸೇರುವ ಪ್ರತಿಯೊಬ್ಬರೂ ಡಾಕ್ಟರೇಟ್ ಪದವಿಯ ಕೋರ್ಸಿಗೇ ಸೇರಬೇಕು. ಅದರ ಅವಧಿ ಕನಿಷ್ಠ 36 ತಿಂಗಳು. ಅಷ್ಟರಲ್ಲಿ ವಿದ್ಯಾರ್ಥಿ ಕನಿಷ್ಠ 600 ರೋಗಿಗಳ ಅರಿವಳಿಕೆಯಲ್ಲಿ ಪಾಲ್ಗೊಂಡು, 2,000 ಗಂಟೆಗಳ ಕ್ಲಿನಿಕಲ್ ತರಬೇತಿ ಪೂರೈಸಿ, ಕೊನೆಗೆ ರಾಷ್ಟ್ರಮಟ್ಟದ ಪ್ರಮಾಣೀಕರಣ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಓದಿನ ನಡುವೆ ಕೆಲಸಕ್ಕೆ ಹೋಗುವುದು ಕಷ್ಟ, ಕಾಲೇಜುಗಳೇ ಬೇಡವೆನ್ನುತ್ತವೆ. ಖರ್ಚು ಬಹಳ ಕಡೆ ಒಂದು ಲಕ್ಷ ಡಾಲರನ್ನು ಮೀರುತ್ತದೆ.

ಕರಪತ್ರ ಮುಚ್ಚಿಟ್ಟಿರುವ ಸಂಗತಿ ಇನ್ನೊಂದಿದೆ. ಅರ್ಜಿದಾರರಿಗೆ ತೀವ್ರ ನಿಗಾ ಘಟಕದಲ್ಲಿ ಪೂರ್ಣಾವಧಿ ನೋಂದಾಯಿತ ನರ್ಸ್ ಆಗಿ ಕನಿಷ್ಠ ಒಂದು ವರ್ಷದ ಅನುಭವವಿರಬೇಕೆಂಬ ನಿಯಮವಿರುವುದು ನಿಜ. ಆದರೆ ಆ ಕೋರ್ಸುಗಳಿಗೆ ಮಾನ್ಯತೆ ನೀಡುವ ಮಂಡಳಿಯ ನಿಯಮದಂತೆ ಆ ಅನುಭವವನ್ನು ಅಮೆರಿಕದಲ್ಲಿ, ಅದರ ಅಧೀನ ಪ್ರದೇಶಗಳಲ್ಲಿ ಅಥವಾ ಹೊರದೇಶದಲ್ಲಿರುವ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ಪಡೆದಿರಬೇಕು. ಮಡಿಕೇರಿಯದಾಗಲಿ ಮಂಗಳೂರಿನದಾಗಲಿ ಬೆಂಗಳೂರಿನ ಅತಿ ದೊಡ್ಡ ಆಸ್ಪತ್ರೆಯದಾಗಲಿ, ಎಷ್ಟೇ ಗಟ್ಟಿ ಅನುಭವವಾದರೂ ಆ ಒಂದು ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ನಮ್ಮ ಹುಡುಗಿಯೊಬ್ಬಳು ನಿಜವಾಗಿ ಹಿಡಿಯಬೇಕಾದ ದಾರಿ ಹೀಗಿದೆ: ಇಲ್ಲಿ ಪದವಿ ಮತ್ತು ನೋಂದಣಿ, ಇಲ್ಲಿಯ ಐಸಿಯುನಲ್ಲಿ ಒಳ್ಳೆಯ ಕಲಿಕೆ, ಅಲ್ಲಿಗೆ ಕಳುಹಿಸುವ ದಾಖಲೆಗಳ ಪರಿಶೀಲನೆ, ಅಲ್ಲಿ ನರ್ಸ್ ಆಗಿ ಪರವಾನಗಿ ಪಡೆಯಲು ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ, ಉದ್ಯೋಗ ವೀಸಾಕ್ಕಾಗಿ ವರ್ಷಗಟ್ಟಲೆ ಕಾಯುವುದು, ಅಲ್ಲಿಗೆ ಹೋಗಿ ಐಸಿಯುನಲ್ಲಿ ದುಡಿಯುವುದು. ಇಷ್ಟೆಲ್ಲ ಆದ ಮೇಲೆ ಅರಿವಳಿಕೆ ಕೋರ್ಸಿಗೆ ಅರ್ಜಿ. ನೇರ ಪ್ರವೇಶವೆಂಬ ಮಾತಿಗೆ ಇಲ್ಲಿ ಎಡೆಯೇ ಇಲ್ಲ.

ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರರೊಬ್ಬರ ಮಗಳು ನನ್ನ ಘಟಕದಲ್ಲಿ ಮೂರು ವರ್ಷ ಕೆಲಸ ಮಾಡಿದವಳು. ಕೈ ಚುರುಕು, ಮಾತು ಕಡಿಮೆ. ರಾತ್ರಿ ಪಾಳಿಯಲ್ಲಿ ಅವಳಿದ್ದಾಳೆಂದರೆ ನಾನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದೆ. ಎರಡು ವರ್ಷದ ಹಿಂದೆ ಬೇರೆ ಊರಿನ ಏಜೆನ್ಸಿಯೊಂದು ಇದೇ ಬಗೆಯ ಆಸೆ ತೋರಿಸಿ ಅವಳ ತಂದೆಯಿಂದ ಒಂದೂಮುಕ್ಕಾಲು ಲಕ್ಷ ರೂಪಾಯಿ ಕಟ್ಟಿಸಿಕೊಂಡಿತು. ಅದು ಆ ವರ್ಷದ ಕರಿಮೆಣಸು ಮಾರಿ ಬಂದ ಹಣ. ಎಂಟು ತಿಂಗಳ ನಂತರ ಅವರು ಅವಳಿಗೆ ಕೊಟ್ಟದ್ದು ಕಾಲೇಜುಗಳ ಹೆಸರಿನ ಒಂದು ಪಟ್ಟಿ ಮತ್ತು ಅರ್ಜಿಯ ಜೊತೆ ಲಗತ್ತಿಸಲು ಮೊದಲೇ ಸಿದ್ಧಪಡಿಸಿದ ಒಂದು ಸ್ವವಿವರ ಪ್ರಬಂಧ. ಅವಳು ಅದನ್ನು ನನಗೆ ತೋರಿಸಲು ತಂದಳು. ಮೂರನೆಯ ಪ್ಯಾರಾದಲ್ಲಿ ಬೇರೊಬ್ಬ ಹುಡುಗಿಯ ಹೆಸರು ಹಾಗೆಯೇ ಉಳಿದಿತ್ತು. ನಾವಿಬ್ಬರೂ ಕುಳಿತು ಆ ಪಟ್ಟಿಯ ಒಂದೊಂದೇ ಕಾಲೇಜಿನ ಪ್ರವೇಶ ನಿಯಮಗಳನ್ನು ಓದುತ್ತಾ ಹೋದೆವು. ನಾಲ್ಕನೆಯ ಕಾಲೇಜಿಗೆ ಬರುವಷ್ಟರಲ್ಲಿ ಅವಳು ಓದುವುದನ್ನು ನಿಲ್ಲಿಸಿ, “ಸಿಸ್ಟರ್, ಇದನ್ನು ಅಪ್ಪನಿಗೆ ಹೇಗೆ ಹೇಳುವುದು?” ಎಂದು ಕೇಳಿದಳು. ಕೊನೆಗೆ ನಾನೇ ಅವರ ಮನೆಗೆ ಹೋಗಿ ಹೇಳಿದೆ. “ಹಣ ಹೋದರೆ ಹೋಗಲಿ ಸಿಸ್ಟರಮ್ಮ, ಅವಳು ಓದಬಹುದಾ ಇಲ್ಲವಾ, ಅದನ್ನು ಹೇಳಿ” ಎಂದು ಅವರು ಕೇಳಿದರು. ಓದಬಹುದು, ಆದರೆ ದಾರಿ ಉದ್ದವಿದೆ ಎಂದು ಹೇಳಿ ಬಂದೆ. ಆ ಮಾತಿಗೆ ನಾನು ಇಂದಿಗೂ ಬದ್ಧಳಾಗಿದ್ದೇನೆ.

ಆ ಉದ್ದದ ದಾರಿಯ ಮೊದಲ ಮೈಲಿಗಲ್ಲು ಅಮೆರಿಕದಲ್ಲಿಲ್ಲ, ನಾವು ಓದಿದ ಕಾಲೇಜಿನ ಕಚೇರಿಯಲ್ಲಿದೆ ಎಂಬುದನ್ನು ನಾನು ಅವಳ ಜೊತೆ ಓಡಾಡಿಯೇ ತಿಳಿದೆ. ಹೊರದೇಶದ ನರ್ಸಿಂಗ್ ದಾಖಲೆಗಳನ್ನು ಪರಿಶೀಲಿಸಲು ಅಲ್ಲಿ 1977ರಿಂದಲೇ ಸಂಸ್ಥೆಯೊಂದಿದೆ. ಸಿಜಿಎಫ್‌ಎನ್‌ಎಸ್ ಎಂದಿದ್ದ ಅದರ ಹೆಸರು 2025ರಲ್ಲಿ ಟ್ರೂಮೆರಿಟ್ ಎಂದಾಯಿತು. ಅಂತಹ ಪರಿಶೀಲನೆಗೆ ಅಂಕಪಟ್ಟಿಯ ಜೆರಾಕ್ಸ್ ಸಾಲದು. ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ ನಡೆಯಿತು, ಮಕ್ಕಳ ವಾರ್ಡಿನಲ್ಲಿ ಎಷ್ಟು ಗಂಟೆ, ಹೆರಿಗೆ ವಾರ್ಡಿನಲ್ಲಿ ಎಷ್ಟು, ಮನೋರೋಗ ವಿಭಾಗದಲ್ಲಿ ಎಷ್ಟು, ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಎಷ್ಟು ಎಂಬುದನ್ನು ಬಿಡಿಬಿಡಿಯಾಗಿ ನಮೂದಿಸಿದ ಟ್ರಾನ್ಸ್‌ಕ್ರಿಪ್ಟ್ ಬೇಕು. ಅದೂ ಅಭ್ಯರ್ಥಿಯ ಕೈಯಿಂದಲ್ಲ, ಓದಿಸಿದ ಸಂಸ್ಥೆಯಿಂದಲೇ ನೇರವಾಗಿ ಹೋಗಬೇಕು.

ಈ ಹುಡುಗಿ ಓದಿದ್ದು ಬೇರೆ ಜಿಲ್ಲೆಯ ಒಂದು ಖಾಸಗಿ ಕಾಲೇಜಿನಲ್ಲಿ. ಅವಳು ಮುಗಿಸಿ ಬಂದ ಮೇಲೆ ಅದರ ಆಡಳಿತ ಮಂಡಳಿ ಬದಲಾಯಿತು. ಟ್ರಾನ್ಸ್‌ಕ್ರಿಪ್ಟ್‌ಗೆಂದು ಮೊದಲ ಸಲ ಹೋದಾಗ ಗುಮಾಸ್ತರು ರಜೆಯಲ್ಲಿದ್ದರು. ಎರಡನೆಯ ಸಲ ನಿಗದಿತ ನಮೂನೆಯನ್ನು ನೀವೇ ತುಂಬಿಸಿಕೊಂಡು ಬನ್ನಿ, ಸಹಿ ಮಾಡಿಕೊಡುತ್ತೇವೆ ಎಂದರು. ತಾನು ಕಲಿತ ಗಂಟೆಗಳ ಲೆಕ್ಕವನ್ನು ತಾನೇ ಬರೆದುಕೊಳ್ಳುವುದು ಹೇಗೆ? ಮೂರನೆಯ ಸಲ ನಾನೂ ಹೋಗಿದ್ದೆ. ಅವಳ ತಂಡದ ಕ್ಲಿನಿಕಲ್ ರಿಜಿಸ್ಟರ್ ಎಲ್ಲಿದೆಯೆಂದು ಕೇಳಿದಾಗ ಮಾಳಿಗೆಯ ಕೋಣೆಗೆ ಕರೆದುಕೊಂಡು ಹೋದರು. ಸೋರಿ ನೆನೆದು ಒಣಗಿದ ಪುಸ್ತಕಗಳ ರಾಶಿ ಅಲ್ಲಿ ಬಿದ್ದಿತ್ತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹೆರಿಗೆ ವಾರ್ಡಿನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಬರೆದದ್ದೆಲ್ಲ ನೀಲಿ ಶಾಯಿಯಾಗಿ ಹರಡಿಹೋಗಿತ್ತು. ಅವಳು ನೆಲದ ಮೇಲೆ ಕುಳಿತು ಒಂದೊಂದೇ ಹಾಳೆಯನ್ನು ಉಗುರಿನಿಂದ ಬಿಡಿಸುತ್ತಿದ್ದ ರೀತಿ ನನ್ನ ಕಣ್ಣ ಮುಂದಿದೆ. ನಾಲ್ಕು ವರ್ಷ ನಿಂತು ದುಡಿದು ಕಲಿತದ್ದಕ್ಕೆ ಸಾಕ್ಷಿಯಾಗಿ ಉಳಿದದ್ದು ಅದೇ. ಆ ದಾಖಲೆಯನ್ನು ಕಾಪಾಡುವುದು ಕಾಲೇಜಿನ ಕರ್ತವ್ಯ. ಕೇಳಿದಾಗ ಕೊಡುವ ಉಪಕಾರವೆಂದು ಅದನ್ನು ಯಾರೂ ಭಾವಿಸಬಾರದು.

ಅನುಭವದ ಪತ್ರದ ವಿಷಯದಲ್ಲಿಯೂ ನಮ್ಮ ಆಸ್ಪತ್ರೆಗಳು ಇಷ್ಟೇ ಉದಾಸೀನ. “ಸದರಿಯವರು ಈ ಅವಧಿಯಲ್ಲಿ ನಮ್ಮಲ್ಲಿ ಸ್ಟಾಫ್ ನರ್ಸ್ ಆಗಿದ್ದರು, ನಡತೆ ಉತ್ತಮ” ಎಂಬ ಎರಡು ಸಾಲು ಬರೆದು ಮೊಹರು ಒತ್ತಿದರೆ ಮುಗಿಯಿತು. ಘಟಕದಲ್ಲಿ ಎಷ್ಟು ಹಾಸಿಗೆಗಳಿದ್ದವು, ವೆಂಟಿಲೇಟರ್ ಮೇಲಿದ್ದ ರೋಗಿಗಳನ್ನು ನೋಡಿಕೊಂಡಿದ್ದಾಳೆಯೇ, ರಕ್ತನಾಳಕ್ಕೆ ಹಾಕುವ ಆರ್ಟೀರಿಯಲ್ ಲೈನ್, ಸೆಂಟ್ರಲ್ ಲೈನ್ ಎಂಬ ನಳಿಕೆಗಳನ್ನು ನಿಭಾಯಿಸಿದ್ದಾಳೆಯೇ, ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್‌ನಂತಹ ಔಷಧಗಳನ್ನು ರೋಗಿಯ ಸ್ಥಿತಿ ನೋಡಿ ಹೊಂದಿಸಿದ್ದಾಳೆಯೇ ಎಂಬುದನ್ನು ಓದುವವರು ತಿಳಿಯಬಯಸುತ್ತಾರೆ. ನಡತೆ ಉತ್ತಮವೆಂಬುದು ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಉಸ್ತುವಾರಿಯಲ್ಲಿದ್ದಾಗ ನಾನೂ ಅಂತಹ ಪತ್ರಗಳ ಕರಡನ್ನು ಬರೆದುಕೊಟ್ಟಿದ್ದೇನೆ. ಅದಕ್ಕಾಗಿ ಈಗ ವ್ಯಥೆಪಡುತ್ತೇನೆ.

ಇಲ್ಲಿಯ ಐಸಿಯು ಅನುಭವ ಅರ್ಜಿಯ ಲೆಕ್ಕಕ್ಕೆ ಬಾರದೆಂದು ಹೇಳಿದೆನಲ್ಲ, ಹಾಗೆಂದು ಅದು ವ್ಯರ್ಥವೆಂದು ಯಾರೂ ತಿಳಿಯಬಾರದು. ಈ ಮಾತನ್ನು ಒಂದು ರಾತ್ರಿಯ ಘಟನೆಯಿಂದಲೇ ವಿವರಿಸಬೇಕಾಗಿದೆ. ಆಷಾಢದ ಮಳೆ ಜಡಿ ಹಿಡಿದಿದ್ದ ಸಮಯ. ತೋಟಕ್ಕೆ ತಂದ ಕೀಟನಾಶಕ ಕುಡಿದ ಯುವಕನೊಬ್ಬ ವೆಂಟಿಲೇಟರ್ ಮೇಲಿದ್ದ. ರಾತ್ರಿ ಎರಡರ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಹಿಡಿಯುವುದರೊಳಗೆ ಆ ಯಂತ್ರದ ಬ್ಯಾಟರಿ ಕೈಕೊಟ್ಟಿತು. ಇದೇ ಹುಡುಗಿ ಒಂದು ಕ್ಷಣವೂ ತಡಮಾಡದೆ ಟ್ಯೂಬನ್ನು ಯಂತ್ರದಿಂದ ಬಿಡಿಸಿ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್‌ಗೆ ಆಮ್ಲಜನಕ ಜೋಡಿಸಿ ಒತ್ತತೊಡಗಿದಳು. ಬ್ಯಾಗ್ ಗಟ್ಟಿಯಾಗಿದೆ, ಗಾಳಿ ಸಲೀಸಾಗಿ ಒಳಹೋಗುತ್ತಿಲ್ಲ ಎಂಬುದನ್ನು ಅವಳ ಅಂಗೈ ಗುರುತಿಸಿತು. ಈ ವಿಷದಲ್ಲಿ ಶ್ವಾಸನಾಳದ ತುಂಬ ಸ್ರಾವ ಕಟ್ಟಿಕೊಳ್ಳುತ್ತದೆ ಎಂಬುದು ನೆನಪಾಗಿ, ಕೂಡಲೇ ಸಕ್ಷನ್ ಮಾಡಿ ಟ್ಯೂಬನ್ನು ತೆರವು ಮಾಡಿದಳು. ಶೇ. 82ಕ್ಕೆ ಇಳಿದಿದ್ದ ರಕ್ತದ ಆಮ್ಲಜನಕದ ಪ್ರಮಾಣ ಶೇ. 95ಕ್ಕೆ ಏರಿತು. ವೈದ್ಯರು ಓಡಿಬರುವಷ್ಟರಲ್ಲಿ ಅವಳು ಕೈ ಬದಲಿಸುತ್ತಾ ಬ್ಯಾಗ್ ಒತ್ತುತ್ತಲೇ ಇದ್ದಳು. ಆ ಯುವಕ ಬದುಕಿ ಮನೆಗೆ ಹೋದ.

ಬೆಳಿಗ್ಗೆ ಅರಿವಳಿಕೆ ತಜ್ಞರು ಬಂದಾಗ ಅವಳು ಅವರನ್ನು ಕೇಳಿದ ಪ್ರಶ್ನೆ ಆ ರಾತ್ರಿಯ ಸಾಹಸಕ್ಕಿಂತ ನನಗೆ ದೊಡ್ಡದಾಗಿ ಕಂಡಿತು. ಹಿಂದಿನ ದಿನ ಟ್ಯೂಬ್ ಹಾಕುವಾಗ ಸ್ನಾಯುಗಳನ್ನು ಸಡಿಲಿಸಲು ತುರ್ತಿನಲ್ಲಿ ಸಾಮಾನ್ಯವಾಗಿ ಬಳಸುವ ಸಕ್ಸಿನೈಲ್‌ಕೋಲಿನ್ ಬಿಟ್ಟು ಬೇರೆ ಔಷಧ ಕೊಟ್ಟಿರಲ್ಲ, ಏಕೆ ಎಂದು ಅವಳು ಕೇಳಿದಳು. ಆ ಔಷಧವನ್ನು ರಕ್ತದಲ್ಲಿ ಒಡೆಯುವ ಕಿಣ್ವವನ್ನೇ ಈ ವಿಷ ಕುಗ್ಗಿಸಿರುತ್ತದೆ, ಆದ್ದರಿಂದ ನಿಮಿಷಗಳಲ್ಲಿ ಇಳಿಯಬೇಕಾದ ಪರಿಣಾಮ ಗಂಟೆಗಟ್ಟಲೆ ಉಳಿದುಬಿಡಬಹುದು ಎಂದು ಅವರು ಚಿತ್ರ ಬರೆದು ತೋರಿಸಿದರು. ಅರಿವಳಿಕೆ ಕೋರ್ಸಿನ ಸಂದರ್ಶನಗಳಲ್ಲಿ ಕೇಳುವುದು ಇಂತಹದ್ದನ್ನೇ: ಯಾವ ಔಷಧ, ಏಕೆ, ಕೊಟ್ಟರೆ ಏನಾಗುತ್ತದೆ, ಕೆಟ್ಟರೆ ಏನು ಮಾಡುತ್ತೀರಿ. ಏಕೆಂದು ಕೇಳುವ ಬುದ್ಧಿಯನ್ನು ಇಲ್ಲಿಯೇ ಬೆಳೆಸಿಕೊಂಡವರು ಅಲ್ಲಿಯ ಐಸಿಯುನಲ್ಲಿ ಒಂದೇ ವರ್ಷದಲ್ಲಿ ಗಟ್ಟಿಯಾಗುತ್ತಾರೆ. ಡಾಕ್ಟರ್ ಬರೆದದ್ದನ್ನು ಕೊಟ್ಟೆ, ಅಷ್ಟೇ ಗೊತ್ತು ಎನ್ನುವವರಿಗೆ ಎಲ್ಲಿ ಹೋದರೂ ಅದು ಒಲಿಯದು.

ಅದಕ್ಕೇ ನಾನು ಅವಳಿಗೆ ಏಜೆನ್ಸಿಯ ಪ್ರಬಂಧವನ್ನು ಹರಿದು ಹಾಕಿ ಆ ರಾತ್ರಿಯ ಬಗ್ಗೆ ಬರೆ ಎಂದೆ. ಮೊದಲು ಬರೆದು ತಂದದ್ದು “ಬಾಲ್ಯದಿಂದಲೂ ಸೇವೆಯೇ ನನ್ನ ಕನಸು” ಎಂದು ಆರಂಭವಾಗಿತ್ತು. ಅದನ್ನು ತೆಗೆಯಿಸಿದೆ. ಎರಡನೆಯ ಸಲ ಬ್ಯಾಗ್ ಗಟ್ಟಿಯಾದ ಕ್ಷಣದಿಂದ ಆರಂಭಿಸಿದ್ದಳು. ತನಗೆ ಭಯವಾದದ್ದನ್ನೂ, ಬ್ಯಾಟರಿಯನ್ನು ಪಾಳಿಯ ಆರಂಭದಲ್ಲೇ ಪರೀಕ್ಷಿಸಬೇಕಿತ್ತು ಎಂದು ಬಳಿಕ ಹೊಳೆದದ್ದನ್ನೂ ಮುಚ್ಚಿಡದೆ ಬರೆದಿದ್ದಳು. ಅರ್ಜಿ ಹಾಕಲು ಇನ್ನೂ ಎಷ್ಟೋ ವರ್ಷಗಳಿವೆ, ಆದರೂ ಇಂತಹ ಟಿಪ್ಪಣಿಗಳನ್ನು ಅಂದಂದೇ ಬರೆದಿಡಬೇಕು. ರೋಗಿಯ ಹೆಸರು, ಗುರುತು ಮಾತ್ರ ಬೇಡ.

ಈಗ ಓದುತ್ತಿರುವ ಮಕ್ಕಳಿಗೆ ಇನ್ನೊಂದು ಮಾತು. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಔಷಧಶಾಸ್ತ್ರ ಇವುಗಳಲ್ಲಿ ಪಾಸಾದರೆ ಸಾಕೆಂಬ ಭಾವನೆ ನಮ್ಮ ಹಾಸ್ಟೆಲುಗಳಲ್ಲಿ ಬಲವಾಗಿದೆ. ಅರಿವಳಿಕೆ ಕೋರ್ಸಿನವರು ಮೊದಲು ನೋಡುವುದು ಈ ವಿಷಯಗಳ ಅಂಕಗಳನ್ನೇ. ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿಯೂ ಬಾಯಿಪಾಠ ನಡೆಯದು. ನಾವು ಕೊಟ್ಟ ಉತ್ತರದ ಮೇಲೆ ಕಂಪ್ಯೂಟರೇ ಮುಂದಿನ ಪ್ರಶ್ನೆಯನ್ನು ಆಯುತ್ತದೆ, 85ರಿಂದ 150 ಪ್ರಶ್ನೆಗಳವರೆಗೆ, ಐದು ಗಂಟೆಗಳ ಮಿತಿಯಲ್ಲಿ. ಅದರ ಶುಲ್ಕ 200 ಡಾಲರ್, ಹೊರದೇಶದಲ್ಲಿ ಬರೆಯುವವರಿಗೆ ಮೇಲೆ 150 ಡಾಲರ್. ಇದನ್ನು ಅಭ್ಯರ್ಥಿ ತಾನೇ ಕಟ್ಟಬಹುದು. ನಡುವೆ ಯಾರೂ ಲಕ್ಷಗಟ್ಟಲೆ ಪಡೆಯಬೇಕಾದ ಅಗತ್ಯವಿಲ್ಲ.

ಎಲ್ಲರೂ ಹೊರಗೇ ಹೋಗಬೇಕೆ ಎಂಬ ಪ್ರಶ್ನೆಗೂ ಬರುತ್ತೇನೆ. ಅಲ್ಲಿ ಈ ಪದವಿ ಪಡೆದು ಹಿಂತಿರುಗಿದರೆ ಇಲ್ಲಿ ಅದಕ್ಕೆ ತಕ್ಕ ಹುದ್ದೆಯಿಲ್ಲ ಎಂಬುದನ್ನು ಹೊರಡುವ ಮುನ್ನವೇ ಮನೆಯವರೆಲ್ಲ ತಿಳಿದಿರಬೇಕು. ದೇಶದಲ್ಲೇ ಉಳಿಯಬಯಸುವವರಿಗೆ ಹತ್ತಿರದ ವ್ಯಾಸಂಗವೆಂದರೆ ತೀವ್ರ ನಿಗಾ ಶುಶ್ರೂಷೆಯಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷಗಳ ಸ್ನಾತಕೋತ್ತರ ಪದವಿ. ಅದನ್ನು ಭಾರತೀಯ ಶುಶ್ರೂಷಾ ಪರಿಷತ್ತೇ ರೂಪಿಸಿದೆ. ಅರಿವಳಿಕೆ ಕೊಡುವ ಅಧಿಕಾರ ಅದರಲ್ಲಿಲ್ಲ, ಆದರೆ ವೆಂಟಿಲೇಟರ್, ಔಷಧ, ತುರ್ತು ನಿರ್ಣಯಗಳ ವಿಷಯದಲ್ಲಿ ಬಹಳ ಆಳಕ್ಕೆ ಒಯ್ಯುವ ಓದು ಅದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಅದರ ಹೆಸರೇ ಗೊತ್ತಿಲ್ಲ.

ಅರಿವಳಿಕೆಗೆ ಜನ ಸಾಲದಿರುವುದರ ಕಷ್ಟವನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಡಿಕೇರಿಗೆ 2016ರಲ್ಲಿ ವೈದ್ಯಕೀಯ ಕಾಲೇಜು ಬರುವುದಕ್ಕೆ ಬಹಳ ಮುಂಚೆ, ಸಿಸೇರಿಯನ್ ಆಗಲೇಬೇಕಾಗಿದ್ದ ತಾಯಿಯೊಬ್ಬಳನ್ನು ಅರಿವಳಿಕೆ ವೈದ್ಯರು ಸಿಗದ ಕಾರಣ ಆಂಬುಲೆನ್ಸ್‌ನಲ್ಲಿ ಕೂರಿಸಿಕೊಂಡು ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಕರೆದೊಯ್ದವಳು ನಾನು. ದಾರಿಯುದ್ದಕ್ಕೂ ಮಗುವಿನ ಎದೆಬಡಿತ ಕೇಳುತ್ತಲೇ ಇದ್ದೆ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಇಂತಹ ಕೊರತೆಯನ್ನು ನೀಗಿಸಲೆಂದೇ ಸರ್ಕಾರ ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ಕೌಶಲದ 18 ವಾರಗಳ ತರಬೇತಿಯನ್ನು ಆರಂಭಿಸಿತು. ಅರಿವಳಿಕೆ ತಜ್ಞರ ಮೇಲ್ವಿಚಾರಣೆಯಲ್ಲಿ ದುಡಿಯುವ, ಸ್ನಾತಕೋತ್ತರ ತರಬೇತಿ ಪಡೆದ ನರ್ಸ್‌ಗಳ ವರ್ಗವೊಂದು ನಮ್ಮಲ್ಲಿಯೂ ಬೇಕೇ ಎಂಬುದನ್ನು ವೈದ್ಯರು ಮತ್ತು ನರ್ಸ್‌ಗಳು ಒಟ್ಟಿಗೆ ಕುಳಿತು ಚರ್ಚಿಸುವ ಕಾಲ ಬಂದಿದೆ. ವೈದ್ಯರ ಜಾಗಕ್ಕೆ ನರ್ಸನ್ನು ತರಬೇಕೆಂಬುದು ನನ್ನ ವಾದವಲ್ಲ. ಆದರೆ ಅಂತಹ ವರ್ಗವೊಂದು ಬೇಕೆಂಬುದು ನನ್ನ ಅಭಿಪ್ರಾಯ.

ಅದು ನಾಳೆಯೇ ಆಗುವ ಕೆಲಸವಲ್ಲ. ನಾಳೆಯೇ ಆಗಬಹುದಾದ ಕೆಲವು ಕೆಲಸಗಳಿವೆ. ಪ್ರತಿ ನರ್ಸಿಂಗ್ ಕಾಲೇಜು ಅಂತಿಮ ವರ್ಷದ ಅಂಕಪಟ್ಟಿಯ ಜೊತೆಯಲ್ಲಿಯೇ ವಿಷಯವಾರು ಪಾಠದ ಗಂಟೆ ಮತ್ತು ವಾರ್ಡುವಾರು ಕ್ಲಿನಿಕಲ್ ಗಂಟೆಗಳ ದೃಢೀಕೃತ ವಿವರವನ್ನು ವಿದ್ಯಾರ್ಥಿಗೆ ಕೊಟ್ಟು, ಅದರ ಪ್ರತಿಯನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬೇಕೆಂದು ಸಂಬಂಧಪಟ್ಟವರು ಆದೇಶಿಸಬೇಕು. ಕಾಲೇಜು ಮುಚ್ಚಿದರೂ ಆಡಳಿತ ಬದಲಾದರೂ ಆ ದಾಖಲೆ ಎಲ್ಲಿ ಸಿಗುತ್ತದೆಂಬುದು ಗೊತ್ತಿರಬೇಕು. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ವಾರಕ್ಕೊಂದು ದಿನವಾದರೂ ಹೊರದೇಶದ ಶುಶ್ರೂಷಾ ಉದ್ಯೋಗ ಮತ್ತು ವ್ಯಾಸಂಗದ ಬಗ್ಗೆ ತಿಳಿದವರೊಬ್ಬರು ಕುಳಿತರೆ, ಬಸ್ಸಿಗೆ ಕರಪತ್ರ ಅಂಟಿಸುವವರ ಬಳಿಗೆ ನಮ್ಮ ಮಕ್ಕಳು ಹೋಗಲಾರರು. ಹಾಗೆ ಕೂರಲು, ನಿವೃತ್ತರಾದ ನಾವು ಕೆಲವರು ಸಂಬಳವಿಲ್ಲದೆ ಸಿದ್ಧರಿದ್ದೇವೆ. ಒಂದು ಮೇಜು, ಎರಡು ಕುರ್ಚಿ ಕೊಟ್ಟರೆ ಸಾಕು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಹೊಸ ಪ್ರಾಂಶುಪಾಲರು ಹಳೆಯ ಬೋಧಕರೊಬ್ಬರನ್ನು ಹುಡುಕಿ ಕರೆಸಿ, ಅವರ ಬಳಿ ಉಳಿದಿದ್ದ ಡ್ಯೂಟಿ ಪಟ್ಟಿಗಳ ಆಧಾರದ ಮೇಲೆ ಅವಳ ಗಂಟೆಗಳನ್ನು ಮತ್ತೆ ಲೆಕ್ಕ ಹಾಕಿಸಿದರು. ಐದನೆಯ ಸಲ ಹೋದಾಗ ಕೆಲಸವಾಯಿತು. ಹದಿನಾಲ್ಕು ತಿಂಗಳ ಓಡಾಟದ ನಂತರ ಕಾಲೇಜಿನ ಮೊಹರು ಬಿದ್ದ ಲಕೋಟೆ ಕಳೆದ ಸೋಮವಾರ ಕೊರಿಯರ್‌ನಲ್ಲಿ ಹೋಗಿದೆ. ಅವಳು ಈಗ ಮೈಸೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದು, ರಾತ್ರಿ ಪಾಳಿ ಮುಗಿಸಿ ಬಂದು ಎನ್‌ಕ್ಲೆಕ್ಸ್‌ಗೆ ಓದುತ್ತಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಶುಶ್ರೂಷಾಧಿಕಾರಿ
ಮಡಿಕೇರಿ, ಕೊಡಗು ಜಿಲ್ಲೆ